ಮಾಳಿಗೆಯ ಮಣ್ಣು

ಚಿಮ್ಮಡದ ಪಾರಿಸಪ್ಪನ ಮಗ ಬಂಡು ಪುಣೆಗೆ ಇಂಜಿನಿಯರಿಂಗ್ ಓದಲು ಹೋದದ್ದು ಒಂದು ಟೋಪಿಗಾಗಿ. ಕೇಳಿದವರಿಗೆಲ್ಲ ನಾಡಸೇವೆ, ಅದು ಇದು ಎನ್ನುತ್ತಿದ್ದ, ನಂಬಬೇಡಿ. ಸಂಸ್ಥಾನದ ರಸ್ತೆ, ಕಟ್ಟಡ ನೋಡಿಕೊಳ್ಳುವ ಓವರ್‌ಸಿಯರ್ ಸಾಹೇಬರು ಬಿಳಿ ಟೋಪಿ ಹಾಕಿಕೊಂಡು ಕುದುರೆ ಏರಿ ಬಂದಾಗ ಊರ ಗೌಡರೇ ಎದ್ದು ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅವತ್ತೇ ತಲೆ ಕೆಟ್ಟಿತು.

ಪುಣೆಯಲ್ಲಿ ಟೋಪಿಯ ಸುದ್ದಿ ಯಾರೂ ಎತ್ತಲಿಲ್ಲ. ಇದ್ದದ್ದು ಬರೀ ಲೆಕ್ಕ. ಜೈನರ ಹುಡುಗ, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ವರ್ಕ್‌ಶಾಪಿನಲ್ಲಿ ತಡವಾದ ದಿನ ಉಪವಾಸವೇ ಮಲಗುತ್ತಿದ್ದ. ಆದರೂ ಆ ಓದು ಅವನಿಗೆ ಹಿಡಿಸಿಬಿಟ್ಟಿತ್ತು. ಮೂರನೆಯ ವರ್ಷ ತೊಲೆಯೊಂದು ಎಷ್ಟು ಭಾರ ಹೊರುತ್ತದೆ ಎಂಬ ಪಾಠ ಬಂತು. ನಿಮಗೆ ಗೊತ್ತಿರುವ ಯಾವುದಾದರೂ ಕಟ್ಟಡದ ಲೆಕ್ಕ ಮಾಡಿ ಎಂದರು ಮಾಸ್ತರರು. ಬಂಡು ತನ್ನ ಮನೆಯ ಪಡಸಾಲೆಯನ್ನೇ ತೆಗೆದುಕೊಂಡ.

ಲೆಕ್ಕ ಮುಗಿದಾಗ ಬೆವತುಹೋದ. ಊರಿನ ಮಾಳಿಗೆಗಳು, ಅಂದರೆ ಮನೆಗಳ ಸಮತಟ್ಟು ಚಾವಣಿಗಳು, ಎಲ್ಲವೂ ಮಣ್ಣಿನವು. ಸೋರಬಾರದೆಂದು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮೇಲೊಂದು ಪದರ, ನೀರು ಇಳಿಯಗೊಡದ ಸವಳು ಮಣ್ಣು ಹಾಕುವುದು ರೂಢಿ. ಹಾಕುವುದು ಎಲ್ಲರಿಗೂ ಗೊತ್ತು, ತೆಗೆದವರು ಯಾರೂ ಇಲ್ಲ. ಮೂರು ಸಲ ಮಾಡಿದರೂ ಉತ್ತರ ಒಂದೇ: ಅಪಾಯವಿಲ್ಲದೆ ಹೊರಬಹುದಾದ್ದರ ಒಂದೂವರೆ ಪಟ್ಟು ಭಾರ ಆ ತೊಲೆಯ ಮೇಲಿದೆ. ಅದರ ಕೆಳಗೆ ದಿನಾ ಮಲಗುವವಳು ಅವನ ತಂದೆಯ ತಾಯಿ, ಅಕ್ಕವ್ವ ಆಯಿ.

ಬೇಸಿಗೆಯ ರಜೆ ಬಿಟ್ಟದ್ದೇ ತಡ, ಕುಡಚಿಯಲ್ಲಿ ರೈಲು ಇಳಿದು ಚಕ್ಕಡಿ ಹತ್ತಿದ. ಮನೆಯ ಮುಂದೆ ಆಗಲೇ ಎರಡು ಚಕ್ಕಡಿ ಹೊಸ ಮಣ್ಣು ಬಂದು ಬಿದ್ದಿತ್ತು.

“ಅಪ್ಪಾ, ಈ ವರ್ಷ ಹಾಕೂದು ಬ್ಯಾಡರಿ. ಇದ್ದದ್ದರಾಗ ಅರ್ಧ ತಗೀಬೇಕು.”

ಪಾರಿಸಪ್ಪ ನಕ್ಕುಬಿಟ್ಟ. ಈ ಮನೆ ನಾಲ್ಕು ತಲೆಮಾರು ಕಂಡಿದೆ, ನಿನ್ನ ಲೆಕ್ಕದ ಹಾಳೆ ನಾಲ್ಕು ದಿನ ಕಂಡಿಲ್ಲ ಎಂದ. ಅಲ್ಲದೆ ಹಳೆಯ ಮಣ್ಣು ಅಗೆದರೆ ಇರುವೆ, ಹುಳ ಸಾಯುತ್ತವೆ. ಆ ಪಾಪ ಯಾರ ತಲೆಗೆ? ಪುಣೆಗೆ ಹೋಗಿ ಸ್ವಂತ ಮನೆ ಅಗೆಯುವುದನ್ನು ಕಲಿತು ಬಂದ ಎಂದು ಓಣಿಯವರೂ ಆಡಿಕೊಂಡರು. ಬಂಡುವಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಮಾತು ಬಿಟ್ಟು, ತೊಲೆಯ ಪಕ್ಕಕ್ಕೆ ಈ ತುದಿಯಿಂದ ಆ ತುದಿಗೆ ಒಂದು ದಾರ ಬಿಗಿದು ಕಟ್ಟಿದ. ನಡುವೆ ತೊಲೆ ದಾರಕ್ಕಿಂತ ನಾಲ್ಕು ಬೆರಳು ಕೆಳಗೆ ಜಗ್ಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಪಾರಿಸಪ್ಪ ತಾನೇ ಬೆರಳಿಟ್ಟು ಅಳೆದು ನೋಡಿದ.

ತೀರ್ಮಾನ ಕೊಟ್ಟವಳು ಅಕ್ಕವ್ವ.

“ನನ್ನ ತಲಿ ಮ್ಯಾಲಿಂದು ಅದು. ತಗೀರಿ. ಇರಿವಿ ನಾ ನೋಡ್ಕೋತೇನಿ.”

ಎಂಟು ದಿನ ಕೆಲಸ ನಡೆಯಿತು. ಆಯಿ ಮೆತ್ತನೆಯ ಕಸಬರಿಗೆ ಹಿಡಿದು ಮಾಳಿಗೆಯ ಮೇಲೆ ಕುಳಿತು ಒಂದೊಂದು ಇರುವೆಯನ್ನೂ ಸರಿಸಿದ ಮೇಲೆಯೇ ಸಲಿಕೆ ಇಳಿಯಬೇಕು. ಅಗೆದ ಅಂಚಿನಲ್ಲಿ ವರ್ಷವರ್ಷದ ಮಣ್ಣು ಒಟ್ಟಿದ ರೊಟ್ಟಿಗಳ ಹಾಗೆ ಪದರ ಪದರವಾಗಿ ಕಾಣುತ್ತಿತ್ತು. ಪಾರಿಸಪ್ಪ ಆ ಪದರಗಳನ್ನು ಆಗಾಗ ನಿಂತು ಎಣಿಸುತ್ತಿದ್ದ. ಕೊನೆಗೆ ತೆಳ್ಳಗೆ ಒಂದೇ ಪದರ ಹೊಸ ಮಣ್ಣು ಹಾಕಿ ಗಟ್ಟಿಯಾಗಿ ಬಡಿದರು.

ಇನ್ನು ಸೋರಿದರೆ ಬಂಡುವಿನ ಓದಿಗೇ ಬೆಂಕಿ. ಪುಣೆಗೆ ಹೊರಡುವುದನ್ನು ಮುಂದೂಡಿ ಮಳೆಗಾಗಿ ಕಾದ. ಒಂದು ಮಧ್ಯಾಹ್ನ ಬಂತು, ಹಂಚಿನ ಮೇಲೆ ಜೋಳ ಹುರಿದ ಹಾಗೆ ಸದ್ದು ಮಾಡುತ್ತ. ಮೂವರೂ ತೊಲೆಯ ಕೆಳಗೆ ಕುಳಿತು ಮೇಲೆ ನೋಡಿದರು. ಒಂದು ಹನಿ ಇಳಿಯಲಿಲ್ಲ. ಬಂಡುವಿಗೆ ಕುಣಿಯಬೇಕೆನಿಸಿತು. ಆದರೆ ತಂದೆಯ ಕಣ್ಣು ಇನ್ನೂ ತೊಲೆಯ ಮೇಲೆಯೇ ಇತ್ತು.

“ಇಪ್ಪತ್ತೆರಡ ಪದರ ನಾನ ಹೇರೇನಿ, ಅವ್ವಾ. ನಿನ್ನ ತಲಿ ಮ್ಯಾಲ,” ಎಂದ ಪಾರಿಸಪ್ಪ.

ಅಕ್ಕವ್ವ ಮಗನ ಬೆನ್ನ ಮೇಲೆ ಕೈಯಿಟ್ಟಳು.

“ಸೋರಬಾರದಂತ ಹೇರಿದಿ. ನಿಮ್ಮಪ್ಪನೂ ಹಂಗ ಹೇರಿದ್ದ. ಇಳಸಾವ ಒಬ್ಬ ಬರಬೇಕಾಗಿತ್ತು, ಬಂದ.”