ನೂರಿ ಇಳಿಯಬಾರದ ಮಾಳಿಗೆ

ಮಾಘಮಾಸದ ಕೊನೆಯ ಸಂಜೆಗಳಲ್ಲಿ ಸವಣೂರಿನ ಆಕಾಶವನ್ನು ನೀವು ಕಂಡಿದ್ದೀರಾ, ಸಹೃದಯರೇ? ಕಂಡಿಲ್ಲವಾದರೆ ನಿಮ್ಮ ಬಗ್ಗೆ ನನಗೆ ನಿಜಕ್ಕೂ ಕನಿಕರವಾಗುತ್ತದೆ! ಎಲೆತೋಟಗಳ ಶ್ಯಾಮಲವರ್ಣ ಮೆಲ್ಲಮೆಲ್ಲನೆ ಮಸುಕಾಗುತ್ತ, ದೊಡ್ಡಹುಣಸೆ ಮರಗಳ ಬೋಳುಕೊಂಬೆಗಳ ನಡುವೆ ಅಸ್ತಮಾನದ ಹೊಂಬೆಳಕು ಒಂದಿಷ್ಟು ಹೊತ್ತು ತಂಗಿ, ಮಿನಾರಿನ ನೆತ್ತಿಯನ್ನು ಸವರಿ, ಹೋಗಲೋ ಬೇಡವೋ ಎಂದು ಅನುಮಾನಿಸುವಾಗ... ಓಣಿಯ ಯಾವುದೋ ಮಾಳಿಗೆಯಿಂದ ಪಾರಿವಾಳಗಳ ಹಿಂಡೊಂದು ಒಮ್ಮೆಗೇ ಮೇಲೇಳುತ್ತದೆ. ಬೀದಿಯಲ್ಲಿ ಖಾರದ ತಿಂಡಿಯ ಪೊಟ್ಟಣ ಕಟ್ಟಿಸಿಕೊಳ್ಳುತ್ತ ನಿಂತವರೂ ಕತ್ತೆತ್ತುತ್ತಾರೆ. ಆ ಹಿಂಡು ಬಹುಕಾಲ ಮುಸ್ತಾಕನದಾಗಿತ್ತು.

ಮುಸ್ತಾಕ ವೀಳ್ಯದೆಲೆಯ ವ್ಯಾಪಾರಿ. ಹಗಲೆಲ್ಲ ಒದ್ದೆಬಟ್ಟೆಯಲ್ಲಿ ಎಲೆಯ ಕಟ್ಟು ಸುತ್ತಿ ಹಿರೇಕೆರೂರು, ಹಾನಗಲ್ಲುಗಳ ಸಂತೆಗೆ ಕಳಿಸುವವನು, ಸಂಜೆಯಾಯಿತೆಂದರೆ ಮಾಳಿಗೆ ಬಿಟ್ಟು ಕೆಳಗಿಳಿಯದವನು. ಮದುವೆಯಾಗಿ ಬಂದ ಹೊಸತರಲ್ಲಿ ತಸ್ಲೀಮಾ ವಾರಗಟ್ಟಲೆ ಗಂಡನ ಮುಖವನ್ನು ನೆಟ್ಟಗೆ ನೋಡಿರಲಿಲ್ಲವಂತೆ. ಒಂದು ಸಂಜೆ ಚಹಾ ಕೊಡುವ ನೆಪದಲ್ಲಿ ಮೆಟ್ಟಿಲು ಹತ್ತಿದಳು. ಅವನು ಬಟ್ಟಲು ತೆಗೆದುಕೊಳ್ಳುವ ಬದಲು ಅವಳ ಅಂಗೈಗೆ ಒಂದು ಹಿಡಿ ಜೋಳ ಸುರಿದ. ಕಪ್ಪು ಕತ್ತಿನ ಬಿಳಿಯ ಹೆಣ್ಣು ಪಾರಿವಾಳವೊಂದು ಆ ಅಪರಿಚಿತ ಮಣಿಕಟ್ಟಿನ ಮೇಲೆ ಬಂದು ಕುಳಿತಿತು, ಅವಳು ನಕ್ಕಳು, ಅವನು ಪಾರಿವಾಳವನ್ನು ಮರೆತು ಅವಳನ್ನೇ ನೋಡಿದ. ದಾಂಪತ್ಯವೆಂಬುದು ಯಾವ ಗಳಿಗೆಯಲ್ಲಿ ಆರಂಭವಾಗುತ್ತದೆಂದು ಪಂಡಿತರು ಏನಾದರೂ ಹೇಳಿಕೊಳ್ಳಲಿ, ಇವರದು ಅಲ್ಲಿ, ಆ ಜೋಳದ ಕಾಳುಗಳ ನಡುವೆ ಆರಂಭವಾಯಿತು! ಆ ಹಕ್ಕಿಗೆ ನೂರಿ ಎಂದು ಹೆಸರಿಟ್ಟವಳೂ ತಸ್ಲೀಮಾಳೇ.

ಅಂಥ ತಸ್ಲೀಮಾಳಿಗೆ ಕೆಮ್ಮು ಹತ್ತಿತು. ಮೊದಲು ಥಂಡಿಯೆಂದರು, ಆಮೇಲೆ ಒಲೆಯ ಹೊಗೆಯೆಂದರು. ಮೆಟ್ಟಿಲ ಮಧ್ಯದಲ್ಲೇ ಕುಳಿತು ಸುಧಾರಿಸಿಕೊಳ್ಳುವಷ್ಟು ಉಬ್ಬಸ ಬಂದಾಗ ಹುಬ್ಬಳ್ಳಿಯ ಡಾಕ್ಟರು ಎದೆಯ ಚಿತ್ರ ತೆಗೆಸಿ, ಮನೆಯಲ್ಲಿ ಪಾರಿವಾಳ ಇವೆಯೇ ಎಂದು ಕೇಳಿದರು. ಗರಿಯ ಧೂಳು ಶ್ವಾಸಕೋಶದೊಳಗೆ ಇಳಿದಿದೆ, ಹಕ್ಕಿಗಳು ಹೋಗದಿದ್ದರೆ ಈಕೆಯ ಉಸಿರು ಹೋಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ವಾಪಸ್ ಬರುವ ಬಸ್ಸು ಶಿಗ್ಗಾಂವಿ ದಾಟಿದ ಮೇಲೆ ತಸ್ಲೀಮಾ ಅವನ ತೋಳು ಹಿಡಿದಳು.

“ನನ್ನ ಸಲುವಾಗಿ ಅವಕ್ಕ ಮನಿ ತಪ್ಪಿಸಬ್ಯಾಡ್ರಿ.”

“ಅವಕ್ಕ ಬ್ಯಾರೆ ಮನಿ ಸಿಗತೈತಿ,” ಎಂದ ಮುಸ್ತಾಕ. “ನೀ ನನಗ ಎಲ್ಲಿ ಸಿಗಬೇಕು?”

ಮಾತು ಆಡಿದಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಒಯ್ಯುತ್ತೇನೆಂದು ಬಂದವನ ಕಣ್ಣು ಹಕ್ಕಿಯ ಎದೆಯ ಮಾಂಸದ ಮೇಲಿರುವುದನ್ನು ಕಂಡು ಮುಸ್ತಾಕ ಅವನನ್ನು ಬಾಗಿಲಿನಿಂದಲೇ ಸಾಗಹಾಕಿದ. ಕೆಲಸ ಬಿಟ್ಟು ಊರೂರು ಅಲೆದ. ಗೂಡಿಗೆ ಬೆಕ್ಕು ಬರುತ್ತದೆಯೇ, ಬೇಸಗೆಯಲ್ಲಿ ನೆರಳಿದೆಯೇ ಎಂದು ಹೆಣ್ಣು ಕೊಡುವ ತಂದೆಯಂತೆ ವಿಚಾರಿಸಿದ. ಹಾನಗಲ್ಲಿನ ಗೌಸಸಾಬ ಹಿಂಡನ್ನೆಲ್ಲ ಒಪ್ಪಿಕೊಂಡ. ನೂರಿಯನ್ನೂ ಅವಳ ಜೊತೆಗಾರನನ್ನೂ ಮಾತ್ರ ಮಾಸೂರಿನ ಉಳವಪ್ಪನಿಗೆ ಕೊಡುವುದೆಂದಾಯಿತು. ಮದಗದ ಕೆರೆಯ ನೀರಿನಲ್ಲಿ ಗದ್ದೆ ಮಾಡುವ ಈ ಹಿರಿಯನಿಗೆ ಹಕ್ಕಿಯ ಮರ್ಜಿ ಮಕ್ಕಳ ಮರ್ಜಿಗಿಂತ ಚೆನ್ನಾಗಿ ಗೊತ್ತು ಎಂದು ಅವನ ಹೆಂಡತಿಯೇ ದೂರುತ್ತಿದ್ದಳು.

ಪಾರಿವಾಳವನ್ನು ಬೇರೆಯವರಿಗೆ ಕೊಡುವಾಗ ಒಂದು ರೀತಿಯುಂಟು. ಒಂದು ರೆಕ್ಕೆಯ ಉದ್ದಗರಿಗಳನ್ನು ನೋವಾಗದಂತೆ ದಾರದಿಂದ ಕಟ್ಟಿಬಿಡುತ್ತಾರೆ. ಇದಕ್ಕೆ ಪರ ಕಟ್ಟುವುದು ಎನ್ನುತ್ತಾರೆ. ಹಕ್ಕಿ ನಡೆದಾಡುತ್ತದೆ, ಹಾರಲಾರದು. ಹೊಸ ಗೂಡಿನಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿದ ಮೇಲಷ್ಟೇ ಕಟ್ಟು ಬಿಚ್ಚುವುದು. ಗೌಸಸಾಬ ತನ್ನ ಪಾಲಿಗೆ ಬಂದ ಹಕ್ಕಿಗಳಿಗೆ ಹಾಗೆಯೇ ಮಾಡಿದ. ಉಳವಪ್ಪ ದಾರ ಹಿಡಿದು ಬಂದಾಗ ಮಾತ್ರ ಮುಸ್ತಾಕ, ನಮ್ಮ ನೂರಿಗೆ ಬೇಡ, ಬಾಗಿಲು ಹಾಕಿಟ್ಟರೆ ಸಾಕು ಎಂದು ಕೈ ಮುಗಿದ. ಪ್ರೀತಿಯೇ! ನಿನ್ನ ಕರುಣೆ ಎಷ್ಟು ಸಲ ಹೀಗೆ ದಾರಿ ತಪ್ಪಿಲ್ಲ...

ಗೂಡು ಕಿತ್ತು, ಮಾಳಿಗೆ ತೊಳೆದು, ಗೋಡೆಗೆ ಸುಣ್ಣ ಬಳಿದದ್ದಾಯಿತು. ತಸ್ಲೀಮಾಳ ಕೆಮ್ಮು ತುಸು ತಗ್ಗಿತು. ಅಷ್ಟರಲ್ಲಿ ಒಂದು ಬೆಳಗ್ಗೆ ಉಳವಪ್ಪ ನೀರಿಡಲು ಗೂಡಿನ ಬಾಗಿಲು ತೆರೆದಾಗ ನೂರಿ ಅವನ ಭುಜದ ಪಕ್ಕದಿಂದ ನುಸುಳಿಬಿಟ್ಟಳು. ಅವನು ಫೋನು ಮಾಡಿ ಹೇಳುವ ಹೊತ್ತಿಗೆ ಅವಳು ಆಗಲೇ ಸವಣೂರಿನ ಮೇಲಿದ್ದಳು.

ರೆಕ್ಕೆಯ ಸದ್ದು ಕೆಳಗಿನ ಕೋಣೆಯಲ್ಲಿದ್ದ ತಸ್ಲೀಮಾಳಿಗೇ ಮೊದಲು ಕೇಳಿತು. “ನೂರಿ ಬಂದಾಳ,” ಎಂದಳು, ಮೆಟ್ಟಿಲತ್ತ ಓಡಿದಳು. ಮುಸ್ತಾಕ ಅವಳನ್ನು ದಾಟಿ ಮೇಲೆ ಹೋದ. ನೂರಿ ಗೂಡಿದ್ದ ಜಾಗವನ್ನು ಹುಡುಕುತ್ತ ಬೋಳು ನೆಲದ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುತ್ತಿದ್ದಳು. ಅವನು ಎದೆ ಗಟ್ಟಿ ಮಾಡಿಕೊಂಡು ಹೆಗಲ ಟವೆಲನ್ನು ಬೀಸಿ ಅವಳನ್ನು ಓಡಿಸಿದ.

ಅಯ್ಯೋ, ಬಟ್ಟೆ ಬೀಸಿದರೆ ಮೇಲೇರಿ ಆಡಬೇಕೆಂದು ಅವಳಿಗೆ ಕಲಿಸಿದವನು ಅವನೇ ಅಲ್ಲವೇ! ನೂರಿ ಸಂತೋಷದಿಂದ ಹಾರಿದಳು. ಮಿನಾರನ್ನು ಬಳಸಿ, ಎಲೆತೋಟಗಳ ಮೇಲೆ ಸುತ್ತು ಹೊಡೆದು, ಮರಳಿ ಅವನ ಕಾಲ ಬಳಿಗೇ ಇಳಿದಳು. ಅವನು ಮತ್ತೆ ಬೀಸಿದ, ಅವಳು ಮತ್ತೆ ಹಾರಿದಳು. ಓಡಿಸಿದಷ್ಟೂ ಅವಳಿಗೆ ಅದು ಹಳೆಯ ಸಂಜೆಗಳ ಆಟವೇ! ಕೊನೆಗೆ ಅವನ ಕೈಗಳೇ ಸೋತವು.

ಹಿಂದೆ ಮೆಟ್ಟಿಲ ಮೇಲೆ ಉಬ್ಬಸದ ಸದ್ದು ಕೇಳಿತು. ತಸ್ಲೀಮಾ ಗೋಡೆ ಹಿಡಿದು ಹತ್ತುತ್ತಿದ್ದಳು.

“ಬರಬ್ಯಾಡ,” ಎಂದ ಮುಸ್ತಾಕ. “ನಿನ್ನ ಕಾಲಿಗೆ ಬೀಳತೇನಿ, ಮ್ಯಾಲ ಬರಬ್ಯಾಡ.”

ಅವಳು ನಿಂತಳು. ಮೇಲೆ ಹಕ್ಕಿ ಅವನ ಅಂಗೈಯನ್ನೇ ನೋಡುತ್ತಿತ್ತು, ಕೆಳಗೆ ಹೆಂಡತಿ ಉಸಿರಿಗಾಗಿ ಬಾಯಿ ತೆರೆದು ಅವನ ಮುಖವನ್ನೇ ನೋಡುತ್ತಿದ್ದಳು. ಇಬ್ಬರಿಗೂ ಬೇಕಾದವನು ಇಬ್ಬರಿಗೂ ಆಗದವನಾಗಿ ಮಾಳಿಗೆಯ ಬಾಗಿಲಲ್ಲಿ ನಿಂತಿದ್ದ. ಆ ಹೊತ್ತಿಗೆ ಭೂಮಿಯ ಮೇಲೆ ಅವನಷ್ಟು ಅಸಹಾಯಕನು ಇನ್ನೊಬ್ಬನಿರಲಿಲ್ಲ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ! ತಸ್ಲೀಮಾ ಗೋಡೆಗೆ ಹಣೆ ಹಚ್ಚಿ ಹೇಳಿದಳು:

“ಈ ಸಲ ಪರ ಕಟ್ರಿ. ನಿಮ್ಮ ಕೈಯಾರೆ ಕಟ್ರಿ. ಬ್ಯಾರೆಯವರು ಹಿಡಿದ್ರ ಆಕಿ ಹೆದರತಾಳ.”

ಮರುದಿನ ನೂರಿಯನ್ನು ಮಾಸೂರಿಗೆ ಒಯ್ದು, ಉಳವಪ್ಪನ ಅಂಗಳದಲ್ಲಿ ಕುಳಿತು ಅವನು ಕಟ್ಟಿದ. ಎಲೆಯ ಕಟ್ಟನ್ನು ಕಣ್ಣು ಮುಚ್ಚಿ ಬಿಗಿಯುವ ಆ ಬೆರಳುಗಳು ಅಂದು ಗಂಟು ತಪ್ಪಿದವು. ನೂರಿ ಕೊಸರಲಿಲ್ಲ, ಕುಕ್ಕಲಿಲ್ಲ. ಅವನ ಕೈಯೆಂಬ ನಂಬಿಕೆಯಲ್ಲಿ ಸುಮ್ಮನೆ ಕುಳಿತಿದ್ದಳು. ಉಳವಪ್ಪ ಮೊದಲು ನಾಲ್ಕು ಮಾತು ಬೈದ, ಆಮೇಲೆ ಚಹಾ ತರಿಸಿದ.

“ಇನ್ನ ನಾ ಕರಿಯೂತನಕ ಈ ಕಡೆ ಬರಬ್ಯಾಡ್ರಿ,” ಎಂದ. “ನಿಮ್ಮ ಮಾರಿ ಕಂಡ್ರ ಆಕಿ ಈ ಮನೀನ ತನ್ನದು ಅನ್ನಂಗಿಲ್ಲ.”

ಮುಸ್ತಾಕ ಹೋಗಲಿಲ್ಲ. ಸಂತೆಗೆ ಹಿರೇಕೆರೂರಿನವರೆಗೆ ಹೋದರೂ ಮಾಸೂರಿನ ದಾರಿ ತುಳಿಯಲಿಲ್ಲ. ಬೇಸಗೆ ಉರಿದು ಮುಗಿಯಿತು, ರೋಹಿಣಿ ಮಳೆ ಒಂದೆರಡು ಸಲ ಗುಡುಗಿ ಹೋಯಿತು. ನೂರಿ ಮೊಟ್ಟೆಯಿಟ್ಟಳು, ಮರಿಗಳಾದವು ಎಂಬ ಸುದ್ದಿ ಫೋನಿನಲ್ಲಿ ಬಂತು. ಮಿರಗದ ಮಳೆ ಬಿಡುವು ಕೊಟ್ಟು ಹೊಳವಾದ ಒಂದು ಬೆಳಗ್ಗೆ ಉಳವಪ್ಪನೇ ಕರೆದ. ಇವತ್ತು ಕಟ್ಟು ಬಿಚ್ಚುತ್ತೇನೆ, ಬರುವುದಾದರೆ ಬನ್ನಿ, ಆದರೆ ಅವಳ ಕಣ್ಣಿಗೆ ಬೀಳಬೇಡಿ ಎಂದ.

ಹೀಗಾಗಿ ಮುಸ್ತಾಕ ಹುಲ್ಲಿನ ಬಣವೆಯ ಹಿಂದೆ ಕಳ್ಳನಂತೆ ನಿಂತ. ಮದಗದ ಕೆರೆಯ ಕಡೆಯಿಂದ ತಂಗಾಳಿ ಬರುತ್ತಿತ್ತು, ತೊಳೆದ ಗಗನದಲ್ಲಿ ಬೆಳಕು ತುಂಬಿತ್ತು. ಉಳವಪ್ಪ ದಾರ ಬಿಚ್ಚಿ ಕೈ ತೆರೆದ. ನೂರಿ ರೆಕ್ಕೆ ಕೊಡವಿ, ತನಗೆ ತಾನೇ ಬೆರಗಾದವಳಂತೆ ಕ್ಷಣ ತಡೆದು... ಎದ್ದಳು! ಗದ್ದೆಗಳ ಮೇಲೆ ಸುತ್ತಿದಳು, ಎತ್ತರಕ್ಕೇರಿದಳು, ಸವಣೂರಿನ ದಿಕ್ಕಿಗೆ ಕತ್ತು ಚಾಚಿ ನೇರ ಹೊರಟಳು.

ಬೇಡ, ಹೋಗಬೇಡ ಎಂದು ಪ್ರಾರ್ಥಿಸಬೇಕಾದವನು ಅವನು. ಇದಕ್ಕಾಗಿ ತಾನೇ ಇಷ್ಟು ತಿಂಗಳು ಎದೆ ಕಲ್ಲು ಮಾಡಿಕೊಂಡದ್ದು? ಆದರೆ ಓದುಗರೇ, ಅವನ ಎದೆಯೊಳಗೆ ಎದ್ದ ಮಾತು ಅದಲ್ಲ. ಹೋಗು ನೂರಿ, ಮನೆಗೆ ಹೋಗು ಎಂದೇ ಅದು ಕೂಗಿತು! ಆ ಕೂಗಿಗೆ ಅವನೇ ಬೆಚ್ಚಿ ಬಾಯಿಗೆ ಟವೆಲು ಒತ್ತಿಕೊಂಡ.

ಕೆರೆಯ ಏರಿಯ ತನಕ ಹೋದ ಬಿಳಿಯ ಚುಕ್ಕೆ ಅಲ್ಲಿ ತಡೆಯಿತು, ಬಾಗಿತು, ತಿರುಗಿತು. ಗೂಡಿನಲ್ಲಿ ಮರಿಗಳು ಹಸಿದು ಕೂಗುತ್ತಿದ್ದವು. ನೂರಿ ಬಣವೆಯ ಮೇಲಿಂದ, ಅವನ ತಲೆಯ ಮೇಲಿಂದಲೇ ಹಾರಿಹೋಗಿ ಉಳವಪ್ಪನ ಮಾಳಿಗೆಗೆ ಇಳಿದಳು. ಕೆಳಗೆ ಯಾರು ನಿಂತಿದ್ದಾರೆಂದು ನೋಡಲೂ ಇಲ್ಲ.

ಮುಸ್ತಾಕ ಗದ್ದೆಯ ಬದುವಿಗೆ ಬಂದು ಮನೆಗೆ ಫೋನು ಹಚ್ಚಿದ. ಮೊದಲ ಗಂಟೆಗೇ ತಸ್ಲೀಮಾ ಎತ್ತಿದಳು.

“ಇಳದ್ಲೇನ್ರಿ?”

“ಇಳದ್ಲು.”

“ಎಲ್ಲಿ?”

“ಅವರ ಮಾಳಗಿ ಮ್ಯಾಲ.”

ಆ ತುದಿಯಿಂದ ಅವಳ ಉಸಿರು ಅವನ ಕಿವಿಗೆ ಬರತೊಡಗಿತು. ತಡೆಯಿಲ್ಲದೆ, ಸಿಳ್ಳಿಲ್ಲದೆ, ಒಳಗೆ ಹೋಗಿ ಹೊರಗೆ ಬರುವ ಶುಭ್ರವಾದ ಉಸಿರು. ಇಷ್ಟು ದಿನ ದೇವರಲ್ಲಿ ಅವನು ಬೇಡಿಕೊಂಡದ್ದು ಅದನ್ನೇ. ಫೋನನ್ನು ಕಿವಿಗೆ ಒತ್ತಿ ಹಿಡಿದು ಅವನು ಅದನ್ನು ಕೇಳುತ್ತ ನಿಂತ. ಆಮೇಲೆ ಆ ಉಸಿರು ಒಂದು ಕಡೆ ತೊಡರಿತು. ಅದು ರೋಗದಿಂದಲ್ಲ, ಅವಳು ಅಳುತ್ತಿದ್ದಳು.

ನಮ್ಮ ಕೈಯಲ್ಲಿ ಬೆಳೆದ ಜೀವಕ್ಕೆ ಒಳ್ಳೆಯ ನೆಲೆಯೊಂದು ದೊರೆಯಲಿ ಎಂದು ನಾವು ಮನಸಾರೆ ಹರಸುತ್ತೇವೆ. ಹರಕೆ ಫಲಿಸಿ, ಆ ಜೀವ ನಮ್ಮನ್ನು ಮರೆತು ಅಲ್ಲಿ ಸುಖವಾಗಿ ನೆಲೆಸಿದ ದಿನ ಎದೆ ಒಡೆಯುತ್ತದೆ. ಆ ನೋವಿಗೆ ನ್ಯಾಯವಿಲ್ಲ, ಔಷಧವೂ ಇಲ್ಲ... ಮರೆಯಲ್ಪಡುವುದನ್ನೂ ಪ್ರೀತಿಯ ಒಂದು ಕರ್ತವ್ಯವೆಂದು ಹೊತ್ತುಕೊಂಡು, ಎಲೆವ್ಯಾಪಾರಿಯೊಬ್ಬ ಅಂದು ಮಧ್ಯಾಹ್ನದ ಬಸ್ಸಿಗೆ ಸವಣೂರಿಗೆ ಹೊರಟ.