ಎರಡನೇ ಸಲ ತೆಗೆದ ರಕ್ತ

ಸಕ್ಕರೆ ಕಾಯಿಲೆ ಹೋಗುವುದಿಲ್ಲ ಎಂಬುದನ್ನು ಹಂಪಕ್ಕ ಹೇಗೋ ನುಂಗಿಕೊಂಡಿದ್ದಳು. ಮಗಳು ಪಲ್ಲವಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚುವುದೂ ಕೈಗೆ ರೂಢಿಯಾಗಿತ್ತು. ಅವಳು ಜೀವ ಹಿಡಿದುಕೊಂಡಿದ್ದು ಎರಡನೆಯ ಕಾಯಿಲೆಯಾದರೂ ಹೋದೀತೆಂಬ ಆಸೆಯ ಮೇಲೆ. ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದಾಗ ಹುಡುಗಿಗೆ ಥೈರಾಯ್ಡ್ ಕೂಡ ಕಡಿಮೆ ಬಂದಿತ್ತು. ಆಗ ಡಾಕ್ಟರಮ್ಮ ಹೇಳಿದ್ದರು: "ಮೆದುಳಿನ ಬುಡದಾಗ ಪಿಟ್ಯುಟರಿ ಅಂತ ಒಂದು ಗ್ರಂಥಿ ಐತಿ. ಅದು ಮೇಸ್ತ್ರಿ ಇದ್ದಂಗ. ಕುತ್ತಿಗ್ಯಾಗಿನ ಥೈರಾಯ್ಡ್ ಆಳು. ಸಕ್ಕರಿ ಭಾಳ ಏರಿದಾಗ ಮೇಸ್ತ್ರೀನೂ ಸುಮ್ನಾಗ್ತಾನ, ಆಳೂ ಮಲಗ್ತಾನ. ಸಕ್ಕರಿ ಹತೋಟಿಗೆ ಬಂದ್ರ ಇಬ್ರೂ ಏಳಬಹುದು. ಮಾತ್ರೆ ಈಗ ಬ್ಯಾಡ, ಮತ್ತೊಮ್ಮೆ ರಕ್ತ ನೋಡೋಣು."

ಏಳಬಹುದು ಎಂಬ ಆ ಒಂದು ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ತಮ್ಮೂರು ಬಂಡ್ರಿಗೆ ಬಂದವಳೇ ಎಲ್ಲಮ್ಮ ತಾಯಿಗೆ ಹರಕೆ ಹೊತ್ತಳು: ಮರುಪರೀಕ್ಷೆಯವರೆಗೆ ಉಪ್ಪು ಮುಟ್ಟುವುದಿಲ್ಲ. ಮಗಳೂ ಹಟ ಹಿಡಿದಳು.

"ನನ್ನ ಸಲುವಾಗಿ ನೀ ಸಪ್ಪಂದು ಉಣ್ತಿ, ನಾ ಹೆಂಗ ಉಪ್ಪಿಂದು ಉಣ್ಲವ್ವ?"

ಅತ್ತೆ ನಿಂಗಕ್ಕ ಒಲೆ ಮುಂದಿನಿಂದಲೇ ಕುಟುಕಿದಳು: "ಸಕ್ಕರಿ ಡಾಕ್ಟರ್ ಬಿಡಿಸಿದ್ಲು, ಉಪ್ಪು ನೀ ಬಿಡಿಸಿದಿ. ಇನ್ನ ನನ್ನ ಮೊಮ್ಮಗಳು ಗಾಳಿ ಕುಡೀಬೇಕೇನು?"

ಆದರೂ ತಾಯಿ ಮಗಳ ತಟ್ಟೆಗೆ ಸಪ್ಪನೆ ಸಾರು ಬೀಳುತ್ತಲೇ ಇತ್ತು. ಸಕ್ಕರೆ ಇಳಿಯಿತು. ಹುಡುಗಿ ಮೈ ತುಂಬಿಕೊಂಡಳು. ಆದರೆ ಶಾಲೆಯಿಂದ ಬಂದವಳೇ ಚಾಪೆ ಹಾಸಿಕೊಂಡು ಮಲಗಿಬಿಡುತ್ತಿದ್ದಳು. ಹಂಪಕ್ಕ ಅದನ್ನು ಕಂಡೂ ಕಾಣದಂತೆ ಮುಸುರೆ ತಿಕ್ಕುತ್ತಿದ್ದಳು.

ಎರಡನೇ ಸಲದ ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು.

"ಸಕ್ಕರಿ ಚಲೋ ಇಟ್ಟೀರಿ. ಆದ್ರ ಈಗ ಮೇಸ್ತ್ರಿ ಎದ್ದು ಗಂಟಲು ಹರಕೊಂಡು ಕೂಗಾಕತ್ತಾನ, ಆಳಿನ ಕೈಲಿ ಆಗವಲ್ದು. ಮೈ ತಾನೇ ಇನ್ಸುಲಿನ್ ಮಾಡೋ ಜಾಗ ಕೆಡಿಸಿಕೊಂಡಂಗ ಥೈರಾಯ್ಡೂ ಕೆಡಿಸಿಕೊಳ್ಳಾಕತ್ತೈತಿ. ಇನ್ನ ದಿನಾ ಮಾತ್ರೆ ಕೊಡಬೇಕು."

ಹಂಪಕ್ಕ ತಡವರಿಸುತ್ತ ಹರಕೆಯ ಸಂಗತಿ ಹೇಳಿದಳು. "ಥೈರಾಯ್ಡಿಗೆ ಅಯೋಡಿನ್ ಉಪ್ಪು ಬೇಕಂತ ಹೊರಗ ಗೋಡಿ ಮ್ಯಾಲ ಬರದಾರ್ರಿ. ನಾನೇ ಕೆಡಿಸಿದ್ನೇನ್ರಿ? ಇವತ್ತಿಂದ ಹಾಕಿದ್ರ ಸರಿ ಹೋಗ್ತೈತಲ್ರಿ?"

ತಪ್ಪು ತನ್ನದೇ ಆಗಿರಲಿ ಎಂದು ಅವಳ ಜೀವ ಬೇಡುತ್ತಿತ್ತು. ತನ್ನದಾದರೆ ತಿದ್ದಿಕೊಳ್ಳಬಹುದು.

"ಉಪ್ಪು ಹಾಕ್ರಿ, ಕೂಸಿಗೆ ಬೇಕು. ಆದ್ರ ಇದು ಅದ್ರಿಂದ ಬಂದದ್ದಲ್ಲ. ನಿಮ್ಮ ತಪ್ಪೇನೂ ಇಲ್ಲಮ್ಮ."

ಆ ಸಮಾಧಾನದ ಮಾತೇ ಹಂಪಕ್ಕನ ಕಾಲಕೆಳಗಿನ ನೆಲ ಕಿತ್ತಿತು.

ಊರಿಗೆ ಮರಳುವ ಸಂಡೂರಿನ ಬಸ್ಸಿನಲ್ಲಿ ಪಲ್ಲವಿ ಕಿಟಕಿಗೆ ಹಣೆ ಒತ್ತಿಕೊಂಡು ಅದಿರಿನ ಲಾರಿಗಳನ್ನೇ ನೋಡುತ್ತಿದ್ದಳು. ಹಣೆ ತೆಗೆಯದೆಯೇ ಕೇಳಿದಳು:

"ಅವ್ವ, ಇನ್ನೊಂದು ಯಾವಾಗ ಬರ್ತೈತಿ?"

"ಯಾವ್ದು, ಬಸ್ಸಾ?"

"ಅಲ್ಲ. ರೋಗ."

ಹಂಪಕ್ಕ ಮಗಳ ತಲೆಯನ್ನು ಭುಜಕ್ಕೆ ಎಳೆದುಕೊಂಡಳು. ಮಡಿಲಲ್ಲಿ ಈ ಸಲ ಮಾತ್ರೆಯ ಚೀಟಿಯಷ್ಟೇ ಇತ್ತು.