ಸೋಯಾ ಕುದಿಸಿರಿ ಎಂದು ಯಾರೂ ಹೇಳಲಿಲ್ಲ

“ಏನಲೇ ಗುಡುಸಾಬ, ಹೆಂಡ್ತಿಗೆ, ಮಗಳಿಗೆ ದನದ ಕಾಳು ತಿನಸಿ ಹೊಟ್ಟಿ ಕೆಡಿಸಿದ್ಯಂತ. ದನಾ ಮೇಯೂ ಗೋದಲಿ ಯಾವುದು, ಮಂದಿ ಉಣ್ಣೂ ಗಂಗಾಳ ಯಾವುದು ಅನ್ನೂದೂ ತಿಳೀವಲ್ದೇನು ನಿನಗ?”

ಅಡರಕಟ್ಟಿಯ ಹಿಟ್ಟಿನ ಗಿರಣಿಯ ಮುಂದೆ, ಬುಟ್ಟಿ ಹಿಡಿದು ಪಾಳಿ ಕಾಯುತ್ತಿದ್ದ ಹತ್ತು ಜನರ ಎದುರು, ದೊಡ್ಡ ಹೊಲದ ಅಂದಾನಪ್ಪ ಹೀಗೆ ಅಂದ. ಎಲ್ಲರೂ ನಕ್ಕರು. ಗುಡುಸಾಬನ ಕಿವಿ ಕಾದುಹೋದವು. ಇದೇ ಅಂದಾನಪ್ಪನ ಮನೆಯ ಹಾಲು ದಿನಾ ಬೆಳಿಗ್ಗೆ ಲಕ್ಷ್ಮೇಶ್ವರದ ಹೋಟೆಲಿಗೆ ಹೋಗುತ್ತಿತ್ತು. ಅವನ ಹೊಲದಲ್ಲಿ ಕಳೆ ತೆಗೆಯುವವರ ಮಕ್ಕಳಿಗೆ ಒಂದು ತಂಬಿಗೆ ಮಜ್ಜಿಗೆಯೂ ಸಿಕ್ಕಿರಲಿಲ್ಲ. ಬಡವರ ಗಂಗಾಳಕ್ಕೆ ಏನೂ ಹಾಕದವನಿಗೆ ಅದರೊಳಗೆ ಇಣುಕುವ ಹಕ್ಕು ಯಾರು ಕೊಟ್ಟರು?

ಆದರೆ ಹೊಟ್ಟೆ ಕೆಟ್ಟದ್ದು ಸುಳ್ಳಲ್ಲ. ಗ್ರಾಮಸೇವಕ ಈಶಪ್ಪ ಕೊಟ್ಟ ಸೋಯಾ ಬೀಜವನ್ನು ಗುಡುಸಾಬ ಜೋಳದ ನಡುವೆ ನಾಲ್ಕು ಸಾಲು ಅಕ್ಕಡಿ ಹಾಕಿದ್ದ. ಸುಗ್ಗಿಯಲ್ಲಿ ಅರ್ಧ ಚೀಲ ಕಾಳು ಮನೆಗೆ ಬಂತು. ಎರಡೂವರೆ ವರ್ಷದ ಮಗಳು ಸಾಬೀರಾ ಕಡ್ಡಿಯಂತಿದ್ದಳು. ದಿನಾ ಬೇಳೆ ಬೇಯಿಸುವ ಶಕ್ತಿ ಮನೆಗಿರಲಿಲ್ಲ. ಈ ಕಾಳಾದರೂ ಅವಳ ಮೈಗೆ ಹತ್ತಲಿ ಎಂದು ಅವನ ಆಸೆ. ತಿಂದ ದಿನವೇ ಮನೆಮಂದಿಗೆಲ್ಲ ವಾಂತಿ, ಭೇದಿ.

ಅವನು ಮನೆಗೆ ಬಂದಾಗ ಹೆಂಡತಿ ಗೌಸಬಿ ಕಾಳಿನ ಚೀಲವನ್ನು ಅಂಗಳಕ್ಕೆ ಎಳೆದಿಟ್ಟಿದ್ದಳು. ಮಗುವಿನ ತೂಕ ನೋಡಲು ಬಂದ ನರ್ಸ್ ಶಾರದವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

“ನರ್ಸ್ ಬಾಯಾರ, ಇದನ್ನ ತಿಪ್ಪಿಗೆ ಚೆಲ್ತೀನಿ. ಮತ್ತೊಮ್ಮೆ ನನ್ನ ಕೂಸಿನ ಬಾಯಾಗ ಹಾಕಂಗಿಲ್ಲ,” ಎಂದಳು ಗೌಸಬಿ.

“ಚೆಲ್ಲೂದು ಇರ್ಲಿ ತಂಗಿ. ಹೆಂಗ ತಿಂದ್ರಿ, ಅದನ್ನ ಹೇಳು.”

“ಎಲ್ಲಾ ಕಾಳು ತಿಂದಂಗ. ನೆನಿ ಇಟ್ಟು, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಪಚಡಿ ಮಾಡಿ, ರೊಟ್ಟಿ ಜೋಡಿ.”

“ಹಸೀದ? ಹೆಸರಕಾಳಿನಂಗ?” ಶಾರದವ್ವ ಹಣೆ ಬಡಿದುಕೊಂಡಳು. “ಹೆಸರು ಹಂಗ ತಿಂದ್ರ ನಡೀತೈತಿ. ಹಸಿ ಸೋಯಾ ಹೊಟ್ಟಿಗೆ ಆಗಂಗಿಲ್ಲ. ಇದನ್ನ ಚಲೋತ್ನಂಗ ಕುದಸಬೇಕು.”

ಗುಡುಸಾಬನಿಗೆ ಸಿಟ್ಟು ನೆತ್ತಿಗೇರಿತು. “ಈಶಪ್ಪನವರು ಸಾಲಿಂದ ಸಾಲಿಗೆ ಎಷ್ಟು ಗೇಣು ಅಂತ ಅಳದು ತೋರಿಸಿದ್ರು. ಗೊಬ್ಬರ ಎಷ್ಟಂತ ಬರದು ಕೊಟ್ರು. ಕುದಿಸಿ ತಿನ್ರಿ ಅನ್ನೂ ಒಂದ ಮಾತು ಅವರ ಬಾಯಾಗಿಂದ ಬರಲಿಲ್ಲ. ಬೆಳದೋರಿಗೆ ಉಣ್ಣಾಕೂ ಬೇಕಂತ ಅವರಿಗೆ ಗೊತ್ತಿದ್ದಿಲ್ಲೇನ್ರಿ?”

“ಗೊತ್ತಿತ್ತು. ಕೇಳೋರಿಲ್ಲ ಅಂತ ಬಿಟ್ರು,” ಎಂದಳು ಶಾರದವ್ವ.

ಗೌಸಬಿಗೆ ಇನ್ನೂ ನಂಬಿಕೆ ಬರಲಿಲ್ಲ. “ಆದ್ರ ಇದು ದನದ ಕಾಳಂತಲ್ರಿ?”

“ಜ್ವಾಳಾನೂ ದನಾ ತಿಂತಾವ. ರೊಟ್ಟಿ ಬಿಟ್ಟಿಯೇನು?” ಎಂದಳು ಶಾರದವ್ವ. “ಮೈ ಬೆಳಸೋ ಸತ್ವ ತೊಗರಿಗಿಂತ ಹೆಚ್ಚೂಕಡಿಮಿ ಎರಡು ಪಟ್ಟು ಐತಿ ಇದರಾಗ. ಇವತ್ತು ರಾತ್ರಿ ನೆನಿ ಇಡು. ಮುಂಜಾನಿ ಬರ್ತೀನಿ. ಮೊದಲ ತುತ್ತು ನಾನ ತಿಂತೀನಿ, ಆತಿಲ್ಲೋ?”

ಹೇಳಿದಂತೆ ಬಂದಳು. ನೆನೆದ ನೀರು ಚೆಲ್ಲಿ, ಹೊಸ ನೀರು ಹಾಕಿ, ಕಾಳು ಬೆರಳಲ್ಲಿ ಹಿಚುಕಿದರೆ ನುಣ್ಣಗಾಗುವ ತನಕ ಕುದಿಸಿದರು. ಶಾರದವ್ವ ತಿಂದಳು, ಗುಡುಸಾಬ ತಿಂದ. ಗೌಸಬಿ ಸಂಜೆಯ ತನಕ ಇಬ್ಬರ ಮುಖ ನೋಡಿ, ಆಮೇಲೆ ಮಗಳಿಗೆ ಎರಡು ಚಮಚ ಅರೆದು ಕೊಟ್ಟಳು. ಯಾರ ಹೊಟ್ಟೆಯೂ ಕೆಡಲಿಲ್ಲ. ಮುಂದಿನ ವಾರ ಗೌಸಬಿ ಹತ್ತು ಬೊಗಸೆ ಜೋಳಕ್ಕೆ ಒಂದು ಬೊಗಸೆ ಚೆನ್ನಾಗಿ ಹುರಿದ ಸೋಯಾ ಬೆರೆಸಿ, ರೊಟ್ಟಿಗೆಂದು ತಾನೇ ಗಿರಣಿಯಲ್ಲಿ ಬೀಸಿಸಿಕೊಂಡು ಬಂದಳು. ಬೇಸಿಗೆಯ ಹೊತ್ತಿಗೆ ಸಾಬೀರಾ ಅವ್ವನ ಕೈ ಬಿಟ್ಟು ಕಟ್ಟೆ ಹತ್ತತೊಡಗಿದಳು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಸೋಯಾ ಮದ್ದಲ್ಲ, ವಿಷವೂ ಅಲ್ಲ. ಅದೊಂದು ಒಳ್ಳೆಯ ಕಾಳು. ನೆನೆಸಿರಿ, ನೀರು ಚೆಲ್ಲಿರಿ, ಕುದಿಸಿರಿ. ಮೊದಲು ಸ್ವಲ್ಪವೇ ತಿಂದು ನೋಡಿರಿ. ಮೈ ತುರಿಸಿದರೆ, ಮುಖ ಬಾತರೆ ಕೂಡಲೇ ಬಿಟ್ಟು ದವಾಖಾನೆಗೆ ಹೋಗಿರಿ. ಔಷಧ ಹಚ್ಚಿದ ಬಿತ್ತನೆ ಬೀಜ ಎಂದೂ ತಿನ್ನಬೇಡಿರಿ. ಹೊಸ ಕಾಳು ಯಾರೇ ತರಲಿ, ಹೇಗೆ ತಿನ್ನಬೇಕೆಂದು ಕೇಳಿರಿ. ಹೇಳದೆ ಹೋಗುವವರ ಸೈಕಲ್ ಹಿಡಿದು ನಿಲ್ಲಿಸಿರಿ.

ಈಶಪ್ಪನನ್ನು ಹಾಗೆ ನಿಲ್ಲಿಸಬೇಕಾಗಲಿಲ್ಲ. ಮೇಲಿನ ಸಾಹೇಬರನ್ನು ಕರೆದುಕೊಂಡು ಅವನೇ ಬಂದ. ಸಾಬೀರಾಳ ಗಲ್ಲ ಹಿಂಡಿ, “ಗುಡುಸಾಬ, ಹೆಂಗ ತಿನ್ನಬೇಕಂತ ಅವತ್ತ ನಾನ ತಿಳಿಸಿ ಹೇಳಿದ್ನಲ್ಲ, ಸಾಹೇಬರ ಮುಂದ ಒಂದು ಮಾತು ಹೇಳು,” ಎಂದ.

ಗುಡುಸಾಬ ಅವನ ಮುಖವನ್ನೊಮ್ಮೆ ನೋಡಿದ. ಮಗಳನ್ನು ಹೆಗಲಿಗೇರಿಸಿಕೊಂಡು, ಹೊಲದ ದಾರಿ ಹಿಡಿದು ನಡೆದುಬಿಟ್ಟ.